ಮಂಡಿಯೊಳಗಣ ಸುಣ್ಣದ ಹರಳು

ಮಂಡಿನೋವಿಗೆ ಗಡಿಯಿಲ್ಲ, ಅದಕ್ಕಿಟ್ಟ ಹೆಸರಿಗೂ ಇಲ್ಲವೆಂದೇ ಹೇಳಬೇಕು. ಕಾಸರಗೋಡಿನ ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಮಲಯಾಳದಲ್ಲಿ 'ತೇಯ್ಮಾನಂ' ಎನ್ನುತ್ತಾರೆ. ತಾಳವಾಡಿಯ ಗುಡ್ಡವಿಳಿದು ಸತ್ಯಮಂಗಲಕ್ಕೆ ಹೋದ ಅಜ್ಜಿಗೆ ತಮಿಳಿನಲ್ಲಿ ಕೇಳಿಬರುವುದೂ ಹೆಚ್ಚುಕಡಿಮೆ ಅದೇ ಮಾತು. ಸೊಲ್ಲಾಪುರದಲ್ಲಿ ಅದು 'ಝೀಜ್', ಆದವಾನಿಯಲ್ಲಿ 'ಅರಿಗಿಪೋಯಿಂದಿ'. ಮಂಗಳೂರಿಗೋ ಬಳ್ಳಾರಿಗೋ ಬಂದರೆ 'ಸವೆತ'. ಐದು ಭಾಷೆಗಳು ಸೇರಿ ಒಂದೇ ತೀರ್ಪನ್ನು ಬರೆದಿವೆ: ನಡೆದು ನಡೆದು ಕೀಲು ತೇದುಹೋಗಿದೆ, ತೇದುಹೋದದ್ದು ಮರಳಿ ಬಾರದು, ಸಹಿಸಬೇಕು, ತೀರಾ ಆಗದಿದ್ದರೆ ಕೀಲನ್ನೇ ಬದಲಿಸಬೇಕು. ಈ ತೀರ್ಪಿನ ಬಳಿಕ ರೋಗಿಯಾಗಲಿ ಮನೆಯವರಾಗಲಿ ಮತ್ತೊಂದು ಪ್ರಶ್ನೆ ಕೇಳುವುದು ಅಪರೂಪ. ಹೊರಗಿನಿಂದ ಹರಳೆಣ್ಣೆ ತಿಕ್ಕುತ್ತ ಕಾಲ ಕಳೆಯುತ್ತದೆ.

ತೀರ್ಪು ಪೂರ್ತಿ ಸುಳ್ಳಲ್ಲ. ಆದರೆ ವಿಚಾರಣೆ ಮುಗಿಯುವ ಮೊದಲೇ ಬರೆದದ್ದು. ಅಸ್ಥಿಸಂಧಿವಾತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್ ಎಂಬ ಈ ರೋಗ 2020ರ ಅಂದಾಜಿನಂತೆ ಜಗತ್ತಿನಲ್ಲಿ 59 ಕೋಟಿಗೂ ಹೆಚ್ಚು ಜನರನ್ನು ಕಾಡುತ್ತಿದೆ. ಅದು ಬರಿಯ ಸವೆತವಲ್ಲವೆಂದೂ, ಕೀಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣಾಂಶದ ಹರಳುಗಳು ಹುಟ್ಟಿ ಉರಿಯೂತವನ್ನು ಹೊತ್ತಿಸಬಲ್ಲವೆಂದೂ ಕಳೆದ ಐದಾರು ದಶಕಗಳ ಸಂಶೋಧನೆ ತೋರಿಸುತ್ತ ಬಂದಿದೆ. ಹೊತ್ತಿಸಬಲ್ಲವು ಎಂಬುದರಲ್ಲಿ ಈಗ ವಿವಾದವಿಲ್ಲ. ರೋಗದ ಮೂಲವೂ ಅವೇ ಹೌದೋ, ಇಲ್ಲ ಕೆಟ್ಟ ಕೀಲಿನಲ್ಲಿ ಉಳಿದ ಅವಶೇಷ ಮಾತ್ರವೋ ಎಂಬುದೇ ಪ್ರಶ್ನೆ. ಈ ಪ್ರಶ್ನೆ ಪ್ರಯೋಗಶಾಲೆಯವರಿಗಷ್ಟೇ ಸೇರಿದ್ದಲ್ಲ. ಒಂದು ರಾತ್ರಿಯಲ್ಲಿ ಊದಿ ಕೆಂಪಾದ ಮಂಡಿಯನ್ನು 'ಹಳೆಯ ಸವೆತವೇ ಇರಬೇಕು' ಎಂದು ಬಿಟ್ಟುಬಿಡುವ ಮನೆಗಳಿಗೂ, 'ಸುಣ್ಣಾಂಶ ಕಟ್ಟಿದೆಯಂತೆ' ಎಂದು ಹಾಲನ್ನೂ ವೈದ್ಯರು ಕೊಟ್ಟ ಕ್ಯಾಲ್ಸಿಯಂ ಗುಳಿಗೆಯನ್ನೂ ಬಿಡುವವರಿಗೂ ಇದರ ಉತ್ತರ ಬೇಕಾಗಿದೆ.

ಸವೆತದ ಕಲ್ಪನೆ ಎತ್ತಿನ ಬಂಡಿಯಿಂದ ಬಂದದ್ದು. ಬಂಡಿ ಉರುಳಿದಷ್ಟೂ ಅಚ್ಚು ಸವೆಯುತ್ತದೆ. ಕೀಲೆಣ್ಣೆ ಹಾಕದಿದ್ದರೆ ಬೇಗ ಸವೆಯುತ್ತದೆ. ಕೊಟ್ಟಿಗೆಯಲ್ಲಿ ನಿಂತ ಬಂಡಿಯ ಅಚ್ಚು ಸವೆಯುವುದಿಲ್ಲ. ಮನುಷ್ಯನ ಮಂಡಿ ಈ ಕೊನೆಯ ಮಾತಿಗೆ ಒಪ್ಪುವುದಿಲ್ಲ. ಎರಡು ಮೂಳೆಗಳ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಯಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಕೀಲಿನ ಒಳಪೊರೆ ಸ್ರವಿಸುವ ದ್ರವವನ್ನು ಅದು ಸ್ಪಂಜಿನಂತೆ ಹೀರಿ ಬದುಕುತ್ತದೆ. ಹೆಜ್ಜೆಯಿಟ್ಟಾಗ ದ್ರವ ಹಿಂಡಿ ಹೊರಹೋಗುತ್ತದೆ, ಹೆಜ್ಜೆಯೆತ್ತಿದಾಗ ಹೊಸದು ಒಳಬರುತ್ತದೆ. ಅಲುಗಾಡದ ಕೀಲಿನ ಮೃದ್ವಸ್ಥಿ ತೆಳುವಾಗುತ್ತ ಹೋಗುತ್ತದೆ. ಇನ್ನೊಂದು ವಿಚಿತ್ರವಿದೆ: ಬೊಜ್ಜು ಇರುವವರಲ್ಲಿ ಮಂಡಿಯಷ್ಟೇ ಅಲ್ಲ, ಕೈಬೆರಳಿನ ಗೆಣ್ಣುಗಳೂ ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುತ್ತವೆ. ಕೈಮೇಲೆ ಯಾರೂ ನಡೆಯುವುದಿಲ್ಲ. ಭಾರವೊಂದೇ ಕಾರಣವಾಗಿದ್ದರೆ ಹೀಗಾಗಬೇಕಿರಲಿಲ್ಲ. ಕೊಬ್ಬಿನ ಅಂಗಾಂಶವು ರಕ್ತಕ್ಕೆ ಬಿಡುವ ಉರಿಯೂತಕಾರಕ ವಸ್ತುಗಳಿಗೂ ಇದರಲ್ಲಿ ಪಾಲಿದೆ ಎಂದು ವಿಜ್ಞಾನಿಗಳು ಭಾವಿಸುವುದು ಇದರಿಂದಲೇ.

ರೋಗದ ಇಂಗ್ಲಿಷ್ ಹೆಸರಿನ ಕೊನೆಯಲ್ಲಿರುವ 'ಐಟಿಸ್' ಎಂಬ ಪ್ರತ್ಯಯಕ್ಕೆ ಉರಿಯೂತವೆಂದೇ ಅರ್ಥ. ಆದರೂ ಬಹುಕಾಲ ವೈದ್ಯರೇ ಆ ಹೆಸರು ತಪ್ಪೆಂದು, ಇದರಲ್ಲಿ ಉರಿಯೂತವೇ ಇಲ್ಲವೆಂದು, 'ಆಸ್ಟಿಯೋ ಆರ್ಥ್ರೋಸಿಸ್' ಎನ್ನಬೇಕೆಂದು ವಾದಿಸಿದ್ದರು. ಈಗ ಹಳೆಯ ಹೆಸರೇ ಗೆದ್ದಂತೆ ತೋರುತ್ತಿದೆ.

ಹರಳಿನ ಜಾಡು

ಕೀಲಿನಲ್ಲಿ ಹರಳನ್ನು ಮೊದಲು ಕಂಡವನು ವೈದ್ಯನಲ್ಲ, ಬಟ್ಟೆ ವ್ಯಾಪಾರಿ. ಹಾಲೆಂಡಿನ ಲೇವನ್‌ಹುಕ್ 1679ರಲ್ಲಿ ಗೌಟ್ ರೋಗಿಯ ಗಂಟಿನಿಂದ ಹೊರಬಂದ ಸುಣ್ಣದಂಥ ಬಿಳಿ ಪದಾರ್ಥವನ್ನು ತನ್ನ ಸೂಕ್ಷ್ಮದರ್ಶಕದಡಿ ಇಟ್ಟು, ಸೂಜಿಯಂಥ ಕಣಗಳನ್ನು ಕಂಡ. ಅದು ಸುಣ್ಣವಲ್ಲ, ಯೂರಿಕ್ ಆಮ್ಲದ ಲವಣವೆಂದು 1797ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ ತೋರಿಸಿದ. ಆಯುರ್ವೇದ ವಾತರಕ್ತವೆಂದು ಕರೆಯುವ ರೋಗವನ್ನು ಗೌಟ್‌ಗೆ ಹೋಲಿಸುವುದು ವಾಡಿಕೆ. ಆ ಬಳಿಕ ಒಂದೂವರೆ ಶತಮಾನ ಹರಳುಗಳ ಕಥೆ ಹೆಚ್ಚೇನೂ ಮುಂದುವರಿಯಲಿಲ್ಲ. 1961ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹೊಲಾಂಡರ್ ಊದಿದ ಕೀಲಿನ ದ್ರವವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ, ಯೂರೇಟ್ ಹರಳುಗಳನ್ನು ಗುರುತಿಸುವ ಕ್ರಮವನ್ನು ಕಂಡುಹಿಡಿದರು. ಇಂದಿಗೂ ಗೌಟ್ ರೋಗ ನಿರ್ಣಯದ ಖಚಿತ ಮಾರ್ಗ ಅದೇ.

ಹರಳು ಇರುವುದು ನಿಜ. ನೋವಿಗೆ ಅದೇ ಕಾರಣವೆಂದು ಹೇಗೆ ಹೇಳುವುದು? ಮೆಕಾರ್ಟಿ ಮತ್ತು ಫೇರ್ಸ್ ಎಂಬ ಸಹೋದ್ಯೋಗಿ ಇದಕ್ಕೆ ಹುಡುಕಿದ ಉತ್ತರ ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪುವಂಥದ್ದಲ್ಲ. ಪ್ರಯೋಗಶಾಲೆಯಲ್ಲಿ ತಯಾರಿಸಿದ ಯೂರೇಟ್ ಹರಳುಗಳನ್ನು ಇಬ್ಬರೂ ತಮ್ಮ ತಮ್ಮ ಆರೋಗ್ಯವಂತ ಮಂಡಿಗೇ ಚುಚ್ಚಿಕೊಂಡರು. ಕೆಲವೇ ಗಂಟೆಗಳಲ್ಲಿ ಮಂಡಿ ಊದಿ, ತಡೆಯಲಾಗದ ನೋವು ಬಂತು. 1962ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಆ ವರದಿಯನ್ನು ಪ್ರಕಟಿಸಿತು. ಹರಳು ಬರಿಯ ಸಾಕ್ಷಿಯಲ್ಲ, ಕೃತ್ಯವೆಸಗಬಲ್ಲ ಕೈ ಎಂಬುದು ಅಲ್ಲಿಗೆ ಸಿದ್ಧವಾಯಿತು. ಯೂರೇಟಿನ ಮಟ್ಟಿಗೆ.

ಅದೇ ವರ್ಷ ಮೆಕಾರ್ಟಿಯ ತಂಡ ಇನ್ನೊಂದು ಒಗಟಿನೆದುರು ನಿಂತಿತು. ಕೆಲವು ವೃದ್ಧರಲ್ಲಿ ಗೌಟ್‌ನಂತೆಯೇ ಹಠಾತ್ತಾಗಿ ಮಂಡಿ ಊದುತ್ತಿತ್ತು, ಆದರೆ ದ್ರವದಲ್ಲಿ ಸಿಕ್ಕ ಹರಳು ಯೂರೇಟ್ ಆಗಿರಲಿಲ್ಲ. ಸೂಜಿಯಾಕಾರದ ಬದಲು ಮೊಂಡು ತುದಿಯ, ಓರೆಯಾದ ಚೌಕದಂಥ ಹರಳುಗಳು. ಅವು ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂದು ತಿಳಿಯಿತು. ರೋಗಕ್ಕೆ 'ಸ್ಯೂಡೋಗೌಟ್', ಅಂದರೆ ಹುಸಿ ಗೌಟ್ ಎಂಬ ಹೆಸರಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಜಿಟ್ನಾನ್ ಮತ್ತು ಸಿಟಾಯ್ ಎಂಬ ವೈದ್ಯರು ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಮೃದ್ವಸ್ಥಿಯಲ್ಲಿ ಸುಣ್ಣದ ಗೆರೆಗಳು ಮೂಡುವುದನ್ನು ಎಕ್ಸ್‌ರೇಯಲ್ಲಿ ಗುರುತಿಸಿದ್ದರು. ಎರಡೂ ಒಂದೇ ರೋಗದ ಎರಡು ಮುಖಗಳೆಂದು ಬಳಿಕ ಗೊತ್ತಾಯಿತು.

ಎರಡು ಬಗೆಯ ಸುಣ್ಣ

ಕ್ಯಾಲ್ಸಿಯಂ ಹರಳುಗಳಲ್ಲಿ ಮುಖ್ಯವಾದವು ಎರಡು ಬಗೆ. ಮೊದಲನೆಯದು ಈಗ ಹೇಳಿದ ಪೈರೋಫಾಸ್ಫೇಟ್. ಎರಡನೆಯದು ನಮ್ಮ ಮೂಳೆ-ಹಲ್ಲುಗಳ ಖನಿಜಕ್ಕೆ ಹತ್ತಿರದ ಸಂಬಂಧಿ, ಹೈಡ್ರಾಕ್ಸಿಅಪಟೈಟ್ ಮತ್ತು ಅದರ ಬಳಗ; ಒಟ್ಟಾಗಿ ಇವನ್ನು 'ಬೇಸಿಕ್ ಕ್ಯಾಲ್ಸಿಯಂ ಫಾಸ್ಫೇಟ್' ಎನ್ನುತ್ತಾರೆ. ಮೂಳೆಯಲ್ಲಿದ್ದರೆ ಇದು ಬಲ; ಮೃದ್ವಸ್ಥಿಯಲ್ಲಿ ಬಂದು ಕೂತರೆ ಅತಿಕ್ರಮಣ. ಒಂದೊಂದು ಕಣವೂ ಎಷ್ಟು ಸಣ್ಣದೆಂದರೆ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಅಲಿಜರಿನ್ ಎಂಬ ಕೆಂಪು ಬಣ್ಣ ಹಾಕಿದಾಗ ಗುಂಪುಗಟ್ಟಿದವು ಮಾತ್ರ ಕೆಂಪಗೆ ತೋರುತ್ತವೆ. (ಒಂದು ಕಾಲದಲ್ಲಿ ಯುರೋಪಿನಲ್ಲಿ ಈ ಬಣ್ಣವನ್ನು ತೆಗೆಯುತ್ತಿದ್ದುದು ನಮ್ಮ ಮಂಜಿಷ್ಠದ ಕುಲದ ಗಿಡದ ಬೇರಿನಿಂದ.) ಕಾಣದ ಆರೋಪಿಯನ್ನು ಹಿಡಿಯುವುದು ಕಷ್ಟ, ಈ ಎರಡನೆಯ ಬಗೆಯ ಬಗ್ಗೆ ವೈದ್ಯಲೋಕ ತಡವಾಗಿ ಎಚ್ಚೆತ್ತದ್ದು ಇದೇ ಕಾರಣಕ್ಕೆ. ಲಂಡನ್ನಿನ ಪಾಲ್ ಡಿಯೆಪ್ ಮತ್ತು ಸಂಗಡಿಗರು 1976ರಲ್ಲಿ ಅಸ್ಥಿಸಂಧಿವಾತದ ಕೀಲುಗಳಲ್ಲಿ ಅಪಟೈಟ್ ಇರುವುದನ್ನು ವರದಿ ಮಾಡಿದರು. 1981ರಲ್ಲಿ, ಆ ವೇಳೆಗೆ ಮಿಲ್ವಾಕೀ ನಗರಕ್ಕೆ ಹೋಗಿದ್ದ ಮೆಕಾರ್ಟಿಯ ತಂಡ ವಯಸ್ಸಾದ ಮಹಿಳೆಯರ ಭುಜದ ಕೀಲನ್ನು ಸದ್ದಿಲ್ಲದೆ ಪುಡಿಗುಟ್ಟುವ ಒಂದು ರೋಗವನ್ನು ವಿವರಿಸಿತು. ಅದರ ದ್ರವದಲ್ಲಿ ಇದೇ ಹರಳು ತುಂಬಿತ್ತು. 'ಮಿಲ್ವಾಕೀ ಭುಜ' ಎಂದು ಇಂದಿಗೂ ಅದರ ಹೆಸರು.

ಈ ಸುಣ್ಣ ಎಲ್ಲಿಂದ ಬರುತ್ತದೆ? ಬಾವಿಯ ಗಡುಸು ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವಂತೆ, ತಿಂದದ್ದು ಕುಡಿದದ್ದು ಮಂಡಿಗಿಳಿದು ಗಟ್ಟಿಯಾಗುತ್ತದೆ ಎಂಬುದು ಜನರ ಊಹೆ. ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನೂ ಕೆಲವರು ಇದರಲ್ಲಿ ಸೇರಿಸುವುದುಂಟು. ಎಲೆಯಡಿಕೆ ಬಿಡಬೇಕಾದುದಕ್ಕೆ ಬಾಯಿಯ ಕ್ಯಾನ್ಸರ್ ಎಂಬ ಬಲವಾದ ಕಾರಣವೇ ಇದೆ, ಮಂಡಿಯನ್ನು ಅದಕ್ಕೆ ಎಳೆದು ತರಬೇಕಿಲ್ಲ. ಹರಳು ಕಟ್ಟುವ ಕೆಲಸ ನಡೆಯುವುದು ಕೀಲಿನಲ್ಲೇ, ಮೃದ್ವಸ್ಥಿಯ ಜೀವಕೋಶಗಳ ಕೈಯಿಂದಲೇ. ಆ ಕೋಶಗಳು ಪೈರೋಫಾಸ್ಫೇಟ್ ಎಂಬ ವಸ್ತುವನ್ನು ಹೊರಗೆ ಬಿಡುತ್ತವೆ. ಅದು ಹದವಾಗಿದ್ದರೆ ಸುಣ್ಣ ಗಟ್ಟಿಯಾಗದಂತೆ ಕಾಯುತ್ತದೆ. ಹೆಚ್ಚಾದರೆ ಅದೇ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ, ಮೊದಲ ಬಗೆ. ಒಂದು ಕಿಣ್ವವು ಅದನ್ನು ವಿಪರೀತ ಒಡೆದು ಕಡಿಮೆ ಮಾಡಿದರೆ ತಡೆಯಿಲ್ಲದೆ ಅಪಟೈಟ್ ಬೆಳೆಯುತ್ತದೆ, ಎರಡನೆಯ ಬಗೆ. ಕೆರೆಯ ತೂಬು ಹೆಚ್ಚು ತೆರೆದರೂ ಕೇಡು, ಮುಚ್ಚಿದರೂ ಕೇಡು ಎಂಬಂತೆ.

ಇದು ಕಾಗದದ ಮೇಲಿನ ಸಿದ್ಧಾಂತವಲ್ಲವೆಂಬುದಕ್ಕೆ ವಂಶವಾಹಿಯ ಪುರಾವೆಯಿದೆ. ಹುಟ್ಟಿನಿಂದಲೇ ಕೀಲುಗಳು ಬಿಗಿದುಕೊಳ್ಳುತ್ತ ಹೋಗುವ ಒಂದು ತಳಿಯ ಇಲಿಯಲ್ಲಿ ಕೆಟ್ಟಿರುವುದು ಪೈರೋಫಾಸ್ಫೇಟ್ ಹೊರಬಿಡುವುದಕ್ಕೆ ಸಂಬಂಧಿಸಿದ ವಂಶವಾಹಿಯೆಂದು 2000ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಕಂಡುಹಿಡಿದರು. ಹೊರಗೆ ಪೈರೋಫಾಸ್ಫೇಟ್ ಇಲ್ಲ, ಹಾಗಾಗಿ ಕೀಲಿನಲ್ಲಿ ಅಪಟೈಟ್. ಎರಡು ವರ್ಷಗಳಲ್ಲಿ ಮನುಷ್ಯರಲ್ಲಿ ಅದೇ ವಂಶವಾಹಿಯ ಇನ್ನೊಂದು ಬಗೆಯ ದೋಷ ಹುಸಿ ಗೌಟ್‌ನ ಕುಟುಂಬಗಳಲ್ಲಿ ಸಿಕ್ಕಿತು.

ಮೃದ್ವಸ್ಥಿಯ ಕೋಶಗಳಿಗೆ ಈ ಬುದ್ಧಿ ಯಾಕೆ ಬರಬೇಕು? ಬಾಲ್ಯವನ್ನು ನೆನೆದರೆ ಉತ್ತರ ಸಿಗುತ್ತದೆ. ಮಗುವಿನ ಮೂಳೆ ಉದ್ದವಾಗುವುದು ಮೊದಲು ಮೃದ್ವಸ್ಥಿಯಾಗಿ. ಅದರ ಕೋಶಗಳು ಉಬ್ಬಿ, ಸುತ್ತ ಸುಣ್ಣ ಕಟ್ಟಿ, ಕೊನೆಗೆ ಮೂಳೆಗೆ ಜಾಗ ಬಿಟ್ಟುಕೊಡುತ್ತವೆ. ಕೀಲಿನ ತುದಿಯ ಕೋಶಗಳು ಮಾತ್ರ ಆ ಕೆಲಸ ಮಾಡದೆ ಜೀವನವಿಡೀ ಮೃದ್ವಸ್ಥಿಯಾಗಿಯೇ ಉಳಿಯಬೇಕು. ಅಸ್ಥಿಸಂಧಿವಾತದಲ್ಲಿ ಅವು ಮರೆತ ಪಾಠವನ್ನು ಮತ್ತೆ ಓದತೊಡಗುತ್ತವೆ. ಉಬ್ಬುತ್ತವೆ, ಸುಣ್ಣ ಕಟ್ಟುತ್ತವೆ. ಇದು ತೇಯುವುದಕ್ಕಿಂತ ತೀರ ಬೇರೆಯಾದ ಕ್ರಿಯೆ. ಕಲ್ಲು ಸವೆಯುತ್ತದೆ, ಆದರೆ ಕಲ್ಲು ಹೀಗೆ ನಡೆದುಕೊಳ್ಳುವುದಿಲ್ಲ.

ಇನ್ನು ಉರಿಯೂತ. ಮೃದ್ವಸ್ಥಿಯಿಂದ ಕಳಚಿದ ಹರಳನ್ನು ಒಳಪೊರೆಯಲ್ಲಿರುವ ಕಾವಲು ಕೋಶಗಳು ರೋಗಾಣುವೆಂದು ತಿಳಿದು ನುಂಗುತ್ತವೆ. ರೋಗಾಣುವಾದರೆ ಅರಗಿಸಬಹುದು, ಹರಳು ಸುಲಭಕ್ಕೆ ಅರಗದು. ಕೋಶದೊಳಗಿನ ಒಂದು ಅಪಾಯಘಂಟೆ ಬಾರಿಸತೊಡಗುತ್ತದೆ. ವಿಜ್ಞಾನಿಗಳು ಅದನ್ನು 'ಇನ್‌ಫ್ಲಮಸೋಮ್' ಎನ್ನುತ್ತಾರೆ. ಅದು ಬಿಡುಗಡೆ ಮಾಡುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಾಹಕ ನೋವು, ಊತ, ಬಿಸಿ ಮೂರನ್ನೂ ತರುತ್ತದೆ. ಯೂರೇಟ್ ಮತ್ತು ಪೈರೋಫಾಸ್ಫೇಟ್ ಹರಳುಗಳು ಈ ಘಂಟೆಯನ್ನೇ ಬಾರಿಸುತ್ತವೆಂದು ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ ಫಾಬಿಯೊ ಮಾರ್ಟಿನೊನ್, ಯೂರ್ಗ್ ಚೊಪ್ ಮತ್ತು ಸಂಗಡಿಗರು 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಪಟೈಟ್ ಬಳಗವೂ ಪ್ರಯೋಗಶಾಲೆಯಲ್ಲಿ ಅದೇ ಘಂಟೆಯನ್ನು ಬಾರಿಸಬಲ್ಲದೆಂದು 2011ರಲ್ಲಿ ಅದೇ ಊರಿನಿಂದ ವರದಿ ಬಂತು. ಆದರೆ ಇವೆರಡರ ಸ್ವಭಾವ ಬೇರೆ. ಪೈರೋಫಾಸ್ಫೇಟ್ ಮನೆಗೆ ಬೆಂಕಿಯಿಡುವ ಜಾತಿ. ಅಪಟೈಟ್ ಹೊಟ್ಟಿನೊಳಗಿನ ಕೆಂಡ. ಅದು ಆರ್ಭಟಿಸದೆ ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನು ವರ್ಷಗಟ್ಟಲೆ ಸ್ರವಿಸುವಂತೆ ಮಾಡುತ್ತದೆ. ಉರಿಯೂತದ ಇನ್ನೊಂದು ವಸ್ತು, ಇಂಟರ್‌ಲ್ಯೂಕಿನ್-6, ಮೃದ್ವಸ್ಥಿಯ ಕೋಶಗಳನ್ನು ಮತ್ತಷ್ಟು ಸುಣ್ಣ ಕಟ್ಟಲು ಪ್ರೇರಿಸುತ್ತದೆಂದು ಇಲಿಗಳ ಮೇಲಿನ ಅಧ್ಯಯನ ತೋರಿಸಿದೆ. ಹರಳಿನಿಂದ ಉರಿ, ಉರಿಯಿಂದ ಹರಳು.

ಆರೋಪಿಯೋ, ದಾರಿಹೋಕನೋ

ಇಷ್ಟಾದ ಮೇಲೆ ಹರಳೇ ಅಪರಾಧಿ ಎಂದು ಘೋಷಿಸುವ ಆತುರ ಯಾರಿಗಾದರೂ ಬರುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನ ವೈದ್ಯರು ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಬಂದ 120 ಮಂದಿಯ ಮಂಡಿಯ ಮೃದ್ವಸ್ಥಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, ಸುಣ್ಣ ಕಟ್ಟದ ಮಾದರಿ ಒಂದೂ ಇರಲಿಲ್ಲ. ಸುಣ್ಣ ಹೆಚ್ಚಿದ್ದವರಿಗೆ ತೊಂದರೆಯೂ ಹೆಚ್ಚಿತ್ತು. ಮಂಡಿಯ ಸವೆತ ತಾನಾಗಿಯೇ ಬರುವ ಒಂದು ತಳಿಯ ಗಿನಿಪಿಗ್‌ಗಳಿಗೆ ಹರಳು ಕಟ್ಟುವುದನ್ನು ತಡೆಯುವ ಫಾಸ್ಫೊಸಿಟ್ರೇಟ್ ಕೊಟ್ಟಾಗ ಕೀಲು ಕೆಡುವುದು ಕಡಿಮೆಯಾಯಿತು.

ಆದರೆ ಕೃತ್ಯ ನಡೆದ ಜಾಗದಲ್ಲಿ ಸಿಕ್ಕಿದನೆಂಬ ಮಾತ್ರಕ್ಕೆ ಯಾರನ್ನೂ ಶಿಕ್ಷಿಸಲಾಗದು. ಪೂರ್ತಿ ಕೆಟ್ಟ, ಕತ್ತರಿಸಿ ತೆಗೆದ ಮಂಡಿಯಲ್ಲಿ ಹರಳು ಸಿಕ್ಕರೆ, ಅದು ಮೊದಲೇ ಇತ್ತೋ ಕೊನೆಗೆ ಬಂದು ಸೇರಿತೋ ಎಂದು ಆ ಮಂಡಿ ಹೇಳಲಾರದು. ಮಂಡಿನೋವೇ ಇಲ್ಲದ ವೃದ್ಧರ ಮೃದ್ವಸ್ಥಿಯಲ್ಲೂ ಸುಣ್ಣ ಸಿಗುತ್ತದೆ. ಆರೋಪಿಯ ಪರವಾಗಿ ಬಲವಾದ ಸಾಕ್ಷ್ಯ ಬಂದದ್ದು ಬಾಸ್ಟನ್ನಿನಿಂದ. ತುಹಿನಾ ನಿಯೋಗಿ ಮತ್ತು ಸಂಗಡಿಗರು 2006ರಲ್ಲಿ ಎಂಆರ್‌ಐ ಮೂಲಕ ಮಂಡಿಗಳನ್ನು ಹಲವು ಕಾಲ ಹಿಂಬಾಲಿಸಿ ನೋಡಿದಾಗ, ಎಕ್ಸ್‌ರೇಯಲ್ಲಿ ಸುಣ್ಣ ಕಂಡ ಮಂಡಿಗಳ ಮೃದ್ವಸ್ಥಿ ಉಳಿದವಕ್ಕಿಂತ ಬೇಗ ಕರಗಿರಲಿಲ್ಲ. ಒಂದು ಗುಂಪಿನಲ್ಲಂತೂ ಕಡಿಮೆಯೇ ಕರಗಿತ್ತು. ಈಚೆಗೆ ಎಕ್ಸ್‌ರೇಗಿಂತ ಸೂಕ್ಷ್ಮವಾದ ಸಿಟಿ ಸ್ಕ್ಯಾನ್ ಬಳಸಿದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಮೃದ್ವಸ್ಥಿಯ ಸುಣ್ಣಕ್ಕೂ ಮುಂದೆ ಬರುವ ನೋವಿಗೂ ನಂಟು ಕಂಡಿದೆ. ಎಕ್ಸ್‌ರೇಗೆ ಕಾಣದ ಸುಣ್ಣವೇ ಹೆಚ್ಚಾಗಿರುವುದರಿಂದ ಹಳೆಯ ಸಾಕ್ಷ್ಯ ಮಸುಕಾಗಿತ್ತು ಎಂದು ವಾದಿಸಬಹುದು. ವಾದ ಇನ್ನೂ ನಡೆದಿದೆ. ಹರಳು ರೋಗವನ್ನು ಹುಟ್ಟಿಸುವುದಕ್ಕಿಂತ, ಬೇರೆ ಕಾರಣಕ್ಕೆ ಹೊತ್ತಿದ್ದನ್ನು ಆರಗೊಡದೆ ಊದುತ್ತಿರುವುದೇ ಹೆಚ್ಚು ಸಂಭವನೀಯವೆಂದು ಸದ್ಯದ ಪುರಾವೆಗಳನ್ನು ಕೂಡಿಸಿ ನೋಡಿದರೆ ತೋರುತ್ತದೆ.

ಬೇರೆ ಮೊಕದ್ದಮೆಗೆ ಬಂದ ಸಾಕ್ಷಿಯೊಬ್ಬ ಈ ಮೊಕದ್ದಮೆಗೂ ಉಪಯೋಗಕ್ಕೆ ಬಂದ ಪ್ರಸಂಗ ಕುತೂಹಲದ್ದು. ಒಮ್ಮೆ ಹೃದಯಾಘಾತವಾಗಿದ್ದ 10,061 ಮಂದಿಯ ಮೇಲೆ, ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕೆನಕಿನುಮಾಬ್ ಎಂಬ ಚುಚ್ಚುಮದ್ದಿನ ಪ್ರಯೋಗ ನಡೆದಿತ್ತು. ಉದ್ದೇಶ ಹೃದಯವನ್ನು ಕಾಯುವುದು. ಆ ಕಡತಗಳನ್ನೇ ಮತ್ತೆ ತೆರೆದು 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮದ್ದು ಪಡೆದವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ಶೇಕಡಾ 40ರಷ್ಟು ಕಡಿಮೆಯಿದ್ದರು. ಆಸ್ಟ್ರೇಲಿಯ-ನೆದರ್‌ಲ್ಯಾಂಡ್ಸ್‌ಗಳಲ್ಲಿ 5,522 ಹೃದ್ರೋಗಿಗಳಿಗೆ ನಡೆಸಿದ ಕೊಲ್ಚಿಸಿನ್ ಪ್ರಯೋಗದ ಕಡತದಲ್ಲೂ ಹೀಗೆಯೇ: ದಿನಕ್ಕೆ ಅರ್ಧ ಮಿಲಿಗ್ರಾಂ ಸೇವಿಸಿದವರಲ್ಲಿ ಶೇಕಡಾ 2.5 ಮಂದಿಗೆ, ಹುಸಿಗುಳಿಗೆ ಸೇವಿಸಿದವರಲ್ಲಿ ಶೇಕಡಾ 3.5 ಮಂದಿಗೆ ಕೀಲು ಬದಲಿಯಾಯಿತು. ಎರಡೂ ಔಷಧಗಳು ಹರಳಿನ ಉರಿಯೂತವನ್ನು ತಡೆಯುವಂಥವೇ.

ಇಷ್ಟನ್ನು ಓದಿ ಔಷಧದಂಗಡಿಗೆ ಹೊರಡುವವರು ಮುಂದಿನದನ್ನೂ ಓದಬೇಕು. ನೇರವಾಗಿ ಅಸ್ಥಿಸಂಧಿವಾತದವರ ಮೇಲೆಯೇ ಪರೀಕ್ಷಿಸಿದಾಗ ಕೊಲ್ಚಿಸಿನ್ ಸೋತದ್ದೇ ಹೆಚ್ಚು. 2002ರಲ್ಲಿ ಲಖನೌದ ವೈದ್ಯರು ಉರಿಯೂತವಿದ್ದ ಮಂಡಿಗಳ ಮೇಲೆ ನಡೆಸಿದ ಸಣ್ಣ ಪ್ರಯೋಗದಲ್ಲಿ ಗುಣ ಕಂಡಿತ್ತು. ಆದರೆ 2018ರಲ್ಲಿ ಸಿಂಗಪುರದ 109 ರೋಗಿಗಳಲ್ಲಿ 16 ವಾರಗಳ ಬಳಿಕವೂ ಮಂಡಿನೋವು ಹುಸಿಗುಳಿಗೆಯವರಿಗಿಂತ ಕಡಿಮೆಯಾಗಲಿಲ್ಲ. 2023ರಲ್ಲಿ ಡೆನ್ಮಾರ್ಕಿನ 100 ಮಂದಿಯ ಕೈಬೆರಳ ನೋವೂ ಇಳಿಯಲಿಲ್ಲ. ಇಂಟರ್‌ಲ್ಯೂಕಿನ್-1ನ್ನು ತಡೆಯುವ ಬೇರೆ ಮದ್ದುಗಳೂ ಮಂಡಿಯ ಪ್ರಯೋಗಗಳಲ್ಲಿ ಹೆಸರು ಕೆಡಿಸಿಕೊಂಡಿವೆ. ಕೆಲವು ತಿಂಗಳಲ್ಲಿ ನೋವು ಇಳಿಸುವುದು ಬೇರೆ, ವರ್ಷಗಳ ಮೇಲೆ ಕೀಲು ಉಳಿಸುವುದು ಬೇರೆ ಇರಬಹುದು; ಹರಳು ನಿಜವಾಗಿ ಚುರುಕಾಗಿರುವ ರೋಗಿಗಳನ್ನು ಆರಿಸದೆ ಎಲ್ಲರಿಗೂ ಕೊಟ್ಟದ್ದೂ ಸೋಲಿಗೆ ಕಾರಣವಿರಬಹುದು. ಗೌಟ್‌ನಲ್ಲಿ ಯೂರಿಕ್ ಆಮ್ಲ ಇಳಿಸಿ ಹರಳನ್ನೇ ಕರಗಿಸಬಹುದು. ಕ್ಯಾಲ್ಸಿಯಂ ಹರಳನ್ನು ಕರಗಿಸುವ ಮದ್ದು ಇಂದಿಗೂ ಇಲ್ಲ. ಇದೆ ಎಂದು ಹೇಳಿ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವವರ ಹೆಸರಿಲ್ಲದ ಪೊಟ್ಟಣಗಳಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಭವವೇ ಹೆಚ್ಚು.

ಗೌರಿಹೂವಿನ ಗೆಡ್ಡೆ

ಕೊಲ್ಚಿಸಿನ್ನಿನ ಹೆಸರು ಬಂದಾಗ ಗಡಿನಾಡಿನ ಓದುಗರಿಗೆ ಬೇರೊಂದು ಎಚ್ಚರವೂ ಬೇಕು. ಮಳೆಗಾಲದಲ್ಲಿ ಬೇಲಿಗಳ ಮೇಲೆ ಹಳದಿ-ಕೆಂಪು ಜ್ವಾಲೆಯಂತೆ ಅರಳುವ ಗೌರಿಹೂ ಅಥವಾ ಅಗ್ನಿಶಿಖೆ, ಮಲಯಾಳದ ಮೇಂತೋನ್ನಿ, ತಮಿಳರ ಸೆಂಗಾಂದಳ್, ಈ ಔಷಧದ ಮೂಲಗಳಲ್ಲೊಂದು. ತಮಿಳುನಾಡಿನ ರಾಜ್ಯಪುಷ್ಪವೂ ಅದೇ. ಒಟ್ಟನ್‌ಛತ್ರಂ, ಮೂಲನೂರು, ಧಾರಾಪುರಂ ಸುತ್ತ ಅದನ್ನು ಬೆಳೆಯಾಗಿ ಬೆಳೆಸುತ್ತಾರೆ. ಬೀಜ ಔಷಧ ಕಂಪನಿಗಳಿಗೆ ಹೋಗುತ್ತದೆ. ಬಳ್ಳಿಯ ಎಲ್ಲ ಭಾಗವೂ ವಿಷ, ಗೆಡ್ಡೆಯಂತೂ ಘೋರ ವಿಷ. ಆಯುರ್ವೇದವು ಅದನ್ನು ಲಾಂಗಲಿಯೆಂಬ ಹೆಸರಿನಲ್ಲಿ ಉಪವಿಷಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನಲ್ಲ. ಗೆಣಸೆಂದು ಭ್ರಮಿಸಿ ತಿಂದು ಸತ್ತವರ ವರದಿಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ವೈದ್ಯಕೀಯ ಸಾಹಿತ್ಯದಲ್ಲಿವೆ. ಅಂಗಡಿಯ ಗುಳಿಗೆಯಲ್ಲೂ ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಕಿರಿದು. ಮೂತ್ರಪಿಂಡ ದುರ್ಬಲವಾದವರಿಗೆ, ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯೊಟಿಕ್ ಸೇವಿಸುತ್ತಿರುವವರಿಗೆ ಆ ಅಂತರ ಇನ್ನೂ ಕಿರಿದಾಗುತ್ತದೆ.

ಹಾಗಾದರೆ ಉಳಿದದ್ದೇನು? ಹೊಸದಾಗಿ ಕೇಳಿಸದ, ಆದರೆ ಪುರಾವೆಯಿರುವ ದಾರಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಅಮೆರಿಕದಲ್ಲಿ 454 ಮಂದಿಯ ಮೇಲೆ 18 ತಿಂಗಳು ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಥ್ಯ ಮತ್ತು ವ್ಯಾಯಾಮ ಎರಡನ್ನೂ ಅನುಸರಿಸಿದವರಿಗೆ ನೋವಷ್ಟೇ ಅಲ್ಲ, ರಕ್ತದ ಇಂಟರ್‌ಲ್ಯೂಕಿನ್-6 ಕೂಡ ಇಳಿಯಿತು. ಸುಣ್ಣ ಕಟ್ಟಲು ಇಲಿಗಳಲ್ಲಿ ಪ್ರೇರೇಪಿಸಿದ್ದು ಅದೇ ವಸ್ತುವೆಂಬುದನ್ನು ನೆನೆಯಬಹುದು. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ಸರಳ ವ್ಯಾಯಾಮಕ್ಕೆ ಖರ್ಚಿಲ್ಲ. 'ಸವೆದಿದೆ, ನಡೆಯಬೇಡಿ' ಎಂಬ ಹಿತವಚನ ಬಂಡಿಗೆ ಸರಿ, ಮಂಡಿಗೆ ಸರಿಯಲ್ಲ. ಮೂಳೆ ತೆಳುವಾಗಿದೆಯೆಂದು ವೈದ್ಯರು ಕೊಟ್ಟ ಕ್ಯಾಲ್ಸಿಯಂ ಗುಳಿಗೆಯನ್ನು ಹರಳಿನ ಭಯದಿಂದ ಬಿಟ್ಟರೆ ಕೀಲಿನ ಹರಳು ಕರಗದು. ಮೂಳೆಯ ರಕ್ಷಣೆ ಮಾತ್ರ ತಪ್ಪೀತು. ಅರುವತ್ತರ ಒಳಗಿನವರ ಎಕ್ಸ್‌ರೇಯಲ್ಲಿ ಮೃದ್ವಸ್ಥಿಯ ಸುಣ್ಣ ಕಂಡರೆ ಮಾತ್ರ ಅದನ್ನು ವಯಸ್ಸಿನ ತಲೆಗೆ ಕಟ್ಟದೆ, ಪ್ಯಾರಾಥೈರಾಯ್ಡ್ ಗ್ರಂಥಿ, ಮೆಗ್ನೀಸಿಯಂ ಮತ್ತು ಕಬ್ಬಿಣದ ಅಂಶಗಳ ರಕ್ತಪರೀಕ್ಷೆ ಮಾಡಿಸಬೇಕು.

ಬಿಸಿಯೇರಿದ ಮಂಡಿ

ಸವೆತವೆಂಬ ಮಾತು ನಿಜವಾಗಿ ಅಪಾಯ ತರುವುದು ಒಂದು ಸಂದರ್ಭದಲ್ಲಿ. ವರ್ಷಗಳಿಂದ ನೋಯುತ್ತಿದ್ದ ಮಂಡಿ ಒಂದೆರಡು ದಿನಗಳಲ್ಲಿ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಜ್ವರವೂ ಬಂದರೆ, ಎಣ್ಣೆ ತಿಕ್ಕಿ ಕಾಯುವ ಹೊತ್ತಲ್ಲ ಅದು. ಬೇರಾವುದೋ ಶಸ್ತ್ರಚಿಕಿತ್ಸೆಯಾದ, ಇಲ್ಲವೆ ಕಾಯಿಲೆ ಬಿದ್ದೆದ್ದ ವೃದ್ಧರಲ್ಲಿ ಇದು ಹುಸಿ ಗೌಟ್ ಆಗಿರಬಹುದು. ಅದಾದರೆ ಮಂಜುಗಡ್ಡೆಯ ಶಾಖ, ಕೀಲಿನ ನೀರು ತೆಗೆಯುವುದು, ಸ್ಟಿರಾಯ್ಡ್ ಚುಚ್ಚುಮದ್ದು, ಕೆಲವು ದಿನಗಳ ಗುಳಿಗೆ ಇವುಗಳಿಂದ ಇಳಿಯುತ್ತದೆ. ಫ್ರಾನ್ಸಿನಲ್ಲಿ ವಯೋವೃದ್ಧರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಂತೆ, ಎರಡು ದಿನದ ಪ್ರೆಡ್ನಿಸೋನ್ ಕೊಲ್ಚಿಸಿನ್‌ನಷ್ಟೇ ನೋವು ಇಳಿಸಿತು, ಭೇದಿಯ ಕಾಟ ಮಾತ್ರ ಕಡಿಮೆ. ಆದರೆ ಇದೇ ರೂಪದಲ್ಲಿ ಕೀಲಿಗೆ ಬ್ಯಾಕ್ಟೀರಿಯಾ ಸೋಂಕೂ ಬರುತ್ತದೆ. ಅದನ್ನು ಗುರುತಿಸದೆ ಬಿಟ್ಟರೆ ಕೀಲು ದಿನಗಳಲ್ಲಿ ನಾಶವಾಗುತ್ತದೆ, ಪ್ರಾಣಕ್ಕೂ ಸಂಚಕಾರ. ಸೋಂಕಿರುವ ಕೀಲಿಗೆ ತಿಳಿಯದೆ ಸ್ಟಿರಾಯ್ಡ್ ಚುಚ್ಚಿದರೆ ಗತಿಯೇನೆಂದು ಹೇಳಬೇಕಿಲ್ಲ. ಹೊರಗಿನಿಂದ ನೋಡಿ ಎರಡನ್ನೂ ಬೇರ್ಪಡಿಸಲಾಗದು. ಹರಳು ಸಿಕ್ಕಿತೆಂಬುದರಿಂದ ಸೋಂಕಿಲ್ಲವೆಂದೂ ಆಗದು, ಎರಡೂ ಒಟ್ಟಿಗೆ ಇರುವುದುಂಟು.

ಹಾಗಾಗಿ ಸೂಜಿಯಿಂದ ತೆಗೆದ ದ್ರವವನ್ನು ಬೇಸಿನ್ನಿಗೆ ಚೆಲ್ಲದೆ ಮೂರು ಪರೀಕ್ಷೆಗೆ ಕಳಿಸಬೇಕು: ಕೋಶಗಳ ಎಣಿಕೆ, ರೋಗಾಣುವಿನ ಕಲ್ಚರ್, ಧ್ರುವೀಕೃತ ಬೆಳಕಿನಲ್ಲಿ ಹರಳಿನ ಶೋಧ. ಮೂರನೆಯದು ಸಣ್ಣ ಊರುಗಳಲ್ಲಿ ನಡೆಯುವುದು ಕಡಿಮೆ. ವೈದ್ಯಕೀಯ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿಚಾರಿಸಬೇಕು, ಮಾದರಿಯನ್ನು ತಡವಿಲ್ಲದೆ ತಲುಪಿಸಬೇಕು. ಗಡಿಯ ಈಚೆ ದ್ರವ ತೆಗೆಸಿ ಆಚೆ ಚಿಕಿತ್ಸೆಗೆ ಹೋಗುವವರು ಆ ವರದಿಯನ್ನು ಕೈಯಲ್ಲಿಟ್ಟುಕೊಂಡು ಹೋಗುವುದು ಲೇಸು. ಇಲ್ಲದಿದ್ದರೆ ಅಲ್ಲಿ ಮತ್ತೆ ಮೊದಲಿನಿಂದ, ಮತ್ತೆ 'ಸವೆತ'ದಿಂದಲೇ ಶುರು. ಕೊಡಲು ಆಸ್ಪತ್ರೆ ಮೀನಮೇಷ ಎಣಿಸಿದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. 2002ರ ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಡವಳಿಕೆ ನಿಯಮಾವಳಿಯಂತೆ, ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು.